ಹಳದಿ ಪುಡಿ, ನೀಲಿ ನೀರು

ಮೊನ್ನೆ ಮೊಮ್ಮಗಳ ಮನೆಗೆ ಯಾರೋ ಒಂದು ಹೂಗುಚ್ಛ ತಂದುಕೊಟ್ಟರು. ಕಾಗದ ಬಿಚ್ಚಿದ್ದೇ ತಡ, ಮನೆ ತುಂಬ ಆ ವಾಸನೆ... ಕಹಳೆಯ ಆಕಾರದ ಬಿಳಿ ಲಿಲ್ಲಿ. ಅರವತ್ತು ವರ್ಷದಿಂದ ನಾನು ಮೂಸದಿದ್ದ ಹೂವು. ಮೊಮ್ಮಗಳು ದನದ ಡಾಕ್ಟರು. ನೋಡಿದವಳೇ ಎತ್ತಿಕೊಂಡು ಹೋಗಿ ಗೇಟಿನ ಹೊರಗೆ ಇಟ್ಟು ಬಂದಳು.

"ಇದರ ಹಳದಿ ಪುಡಿ ಮೈಗೆ ಹತ್ತಿ ಬೆಕ್ಕು ನೆಕ್ಕಿದ್ರೆ ಮುಗೀತು ಅಜ್ಜಿ. ಕಿಡ್ನಿ ಹೋಗಿ ಮೂರ್ನಾಲ್ಕು ದಿನಕ್ಕೆ ಸಾಯುತ್ತೆ."

ನಾನು ಕುರ್ಚಿ ಹಿಡಿದುಕೊಂಡು ಕೂತೆ. ಬಿಪಿ ಏರಿತೆಂದುಕೊಂಡು ಅವಳು ನೀರು ತರಲು ಓಡಿದಳು.

ಬಿಳಿಯರ ಕಾಲದ ಮಾತು. ಯುದ್ಧ ಇನ್ನೂ ಮುಗಿದಿರಲಿಲ್ಲ. ಮೂಡಿಗೆರೆಯಿಂದ ದೇವರಮನೆ ಕಡೆ ಹೋಗುವ ದಾರಿಯ ಒಂದು ಎಸ್ಟೇಟಿನಲ್ಲಿ ನನ್ನ ಯಜಮಾನರು ರೈಟರು, ಲೆಕ್ಕ ಬರೆಯುವ ಕೆಲಸ. ನಾನು ಹೊಸ ಮದುವಣಗಿತ್ತಿ, ಹೊಲಿಗೆ ಚೆನ್ನಾಗಿ ಬರುತ್ತದೆಂಬ ಜಂಬ ಬೇರೆ. ದೊರೆಸಾನಿಯ ಪರದೆ, ದಿಂಬಿನ ಚೀಲ ಹೊಲಿಯಲು ದಿನಾ ಬಂಗಲೆಗೆ ಹೋಗುತ್ತಿದ್ದೆ. ಅಲ್ಲಿಯ ತೋಟದ ಮಾಲಿ ನನಗೆ ಪರಿಚಯವಾದದ್ದು ಹಾಗೆ.

ಆ ಲಿಲ್ಲಿ ಗೆಡ್ಡೆಗಳು ದೊರೆಸಾನಿಯ ತವರಿನಿಂದ ಹಡಗಿನಲ್ಲಿ ಬಂದಿದ್ದವು. ನಮ್ಮ ಮಳೆಗೆ ಎರಡು ವರ್ಷ ಕೊಳೆತು ನಾರಿದವಂತೆ. ಮಾಲಿ ಉಪಾಯ ಕಂಡುಕೊಂಡ. ಹಳ್ಳದ ಮರಳು ಹಾಸಿ, ಗೆಡ್ಡೆಯನ್ನು ನೆಟ್ಟಗೆ ಇಡದೆ ಮಗ್ಗುಲಿಗೆ ಮಲಗಿಸುತ್ತಿದ್ದ, ಪದರಗಳ ಸಂದಿಯಲ್ಲಿ ನೀರು ನಿಲ್ಲಬಾರದೆಂದು. ಮಳೆ ಹಿಡಿಯುವ ಮೊದಲು, ಕಾಫಿ ಗಿಡಕ್ಕೆ ಹೊಡೆಯುವ ಮೈಲುತುತ್ತದ ನೀಲಿ ನೀರನ್ನು ಕರಟದಲ್ಲಿ ತಂದು ಬುಡಕ್ಕೆ ಸುರಿಯುತ್ತಿದ್ದ. ಕೊಳೆರೋಗಕ್ಕೆ ಇದೇ ಮದ್ದು ಎಂದು ನನಗೆ ತೋರಿಸಿಕೊಟ್ಟಿದ್ದ. ಸ್ಟೋರಿನಿಂದ ಕೇಳದೆ ತಂದದ್ದು, ಯಾರಿಗೂ ಹೇಳಬೇಡಿ ಎಂದು ನಕ್ಕಿದ್ದ. ಅವನು ಮಂಡಿಯೂರಿ ಕೆಲಸ ಮಾಡುವಾಗ ದೊರೆಸಾನಿಯ ಬಿಳಿ ಬೆಕ್ಕು ಅವನ ಹಿಮ್ಮಡಿಗೆ ಒರಗಿ ನಿದ್ದೆ ಹೊಡೆಯುತ್ತಿತ್ತು.

ಹೂ ಅರಳಿದಾಗ ಬೆಳಿಗ್ಗೆ ಕುಯ್ದು, ಒಳಗಿನ ಹಳದಿ ಪುಡಿಯ ಕಡ್ಡಿಗಳನ್ನು ಚಿವುಟಿ, ಊಟದ ಮೇಜಿನ ಹೂದಾನಿಯಲ್ಲಿ ಇಡುವುದೂ ಅವನ ಕೆಲಸವೇ. ಪುಡಿ ಉದುರಿದರೆ ಮೇಜುಬಟ್ಟೆಗೆ ಕಲೆ. ಅಷ್ಟಕ್ಕೇ ಆ ನಿಯಮ.

ಆ ವರ್ಷ ಹೂ ಬಿಡುವ ಹೊತ್ತಿಗೆ ಅವನಿಗೆ ಚಳಿಜ್ವರ ಹಿಡಿಯಿತು. ಕಂಬಳಿ ಹೊದ್ದು ಬಂದು, ಇವತ್ತೊಂದು ದಿನ ಹೂ ನೀವೇ ಇಡಿ, ಪುಡಿ ಚಿವುಟುವುದು ಮರೆಯಬೇಡಿ ಎಂದ. ನಾನು ಮರೆಯಲಿಲ್ಲ, ಬೇಕೆಂದೇ ಬಿಟ್ಟೆ. ಅದನ್ನು ಕಿತ್ತ ಹೂವು ಮೂಗುಬೊಟ್ಟು ತೆಗೆದ ಹೆಂಗಸಿನ ಹಾಗೆ ಬೋಳುಬೋಳಾಗಿ ಕಾಣುತ್ತಿತ್ತು. ಹೊಸದಾಗಿ ತಾಳಿ ಕಟ್ಟಿಸಿಕೊಂಡವಳ ಕೈಯಿಂದ ಅಂಥ ಅಪಶಕುನದ ಕೆಲಸ ಯಾಕೆ ಅನ್ನಿಸಿತು. ಮಧ್ಯಾಹ್ನ ನೋಡಿದರೆ ಬೆಕ್ಕು ಮೇಜಿನ ಮೇಲೆ ಹೂವಿಗೆ ಮೈ ತಿಕ್ಕುತ್ತ ನಿಂತಿದೆ, ಮೈಯೆಲ್ಲ ಅರಿಸಿನ. ನಾನು ನಕ್ಕುಬಿಟ್ಟೆ. ಅದು ನಿಧಾನವಾಗಿ ಕೂತು ಒಂದೊಂದೇ ಕಡೆ ನೆಕ್ಕಿಕೊಂಡಿತು.

ವಾಂತಿ ಮಾಡಿ ಮಾಡಿ ನಾಲ್ಕನೆಯ ದಿನ ಸತ್ತಿತು... ದೊರೆಸಾನಿ ಅತ್ತು ಹಾಸಿಗೆ ಹಿಡಿದಳು. ಯಾರೋ ವಿಷ ಹಾಕಿದ್ದಾರೆಂದು ದೊರೆ ತೀರ್ಮಾನಿಸಿದ. ಎಲ್ಲರನ್ನೂ ಜಗಲಿಯಲ್ಲಿ ನಿಲ್ಲಿಸಿ, ಬಂಗಲೆಯ ಹತ್ತಿರ ವಿಷ ಕಂಡವರು ಯಾರು ಎಂದು ಕೇಳಿದ. ಕೇಳಿದ್ದಕ್ಕಷ್ಟೇ ಉತ್ತರ ಕೊಡು ಎಂದು ಯಜಮಾನರು ಮೊದಲೇ ಎಚ್ಚರಿಸಿದ್ದರು. ಮಾಲಿಯ ಕರಟದಲ್ಲಿ ಮೈಲುತುತ್ತ ನೋಡಿದ್ದೆ ಎಂದೆ.

"ಗೆಡ್ಡೆಗೆ ಹಾಕಿದ್ದು ಸ್ವಾಮಿ. ಈ ಅಮ್ಮಂಗೆ ಗೊತ್ತುಂಟು," ಎಂದ ಮಾಲಿ. ನನ್ನ ಕಡೆ ತಿರುಗಿದ. "ಹೇಳಿ ಅಮ್ಮಾ."

ಸ್ಟೋರಿನ ಬೀಗದಕೈ ಇದ್ದದ್ದು ಯಜಮಾನರ ಸೊಂಟದಲ್ಲಿ. ಅವನು ಅಲ್ಲಿಂದ ತರುತ್ತಿದ್ದದ್ದು ನನಗೆ ಮೊದಲೇ ತಿಳಿದಿತ್ತೆಂದರೆ ಅವರ ಕೆಲಸಕ್ಕೇ ಸಂಚಕಾರ. ನಾನು ನೆಲ ನೋಡುತ್ತ ನಿಂತೆ.

ಅದೇ ಸಂಜೆ ಅವನನ್ನೂ ಹೆಂಡತಿಯನ್ನೂ ಕೂಲಿ ಲೈನಿನ ಮನೆಯಿಂದ ಹೊರಹಾಕಿದರು. ಜ್ವರ ಬಿಟ್ಟಿರಲಿಲ್ಲ, ಮಳೆ ಶುರುವಾಗಿತ್ತು. ವಿಷ ಹಾಕಿದವನೆಂಬ ಸುದ್ದಿ ಅವನಿಗಿಂತ ಮುಂಚೆ ಎಸ್ಟೇಟಿನಿಂದ ಎಸ್ಟೇಟಿಗೆ ತಲುಪಿತು. ಯಾರೂ ಕೆಲಸ ಕೊಡಲಿಲ್ಲ. ಶ್ರಾವಣಕ್ಕೆ ಮೊದಲು ಗಾಡಿಯವನೊಬ್ಬ ಹೇಳಿದ, ಕಳಸದ ದಾರಿಯಲ್ಲಿ ಯಾರದೋ ಕೊಟ್ಟಿಗೆಯಲ್ಲಿ ಮಾಲಿ ತೀರಿಕೊಂಡನಂತೆ, ಹೆಂಡತಿ ಘಟ್ಟ ಇಳಿದು ಹೋದಳಂತೆ... ಮುಂದೇನಾಯಿತೋ ತಿಳಿಯಲಿಲ್ಲ. ತಿಳಿದುಕೊಳ್ಳುವ ಪ್ರಯತ್ನವನ್ನೂ ನಾನು ಮಾಡಲಿಲ್ಲ. ಮರುವರ್ಷ ಹೊಸ ಮಾಲಿ ಗೆಡ್ಡೆಗಳನ್ನು ನೆಟ್ಟಗೆ ನೆಟ್ಟ. ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲ ಕೊಳೆತವು.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಬಾಯಿಬಿಟ್ಟು ಒಬ್ಬರಿಗೆ ಹೇಳಿದ್ದು ಇದೇ ಮೊದಲು. ಅವಳು ಕೈ ಹಿಡಿದುಕೊಂಡು, "ನಿಂಗೆ ಹೇಗೆ ಗೊತ್ತಾಗ್ಬೇಕು ಅಜ್ಜಿ? ಆಗ ಡಾಕ್ಟರಿಗೇ ಗೊತ್ತಿರ್ಲಿಲ್ಲ," ಎಂದಳು. ಅವಳ ಬೆಕ್ಕು ನನ್ನ ಹಿಮ್ಮಡಿಗೆ ಒರಗಿ ಮಲಗಿತ್ತು.

ಹೌದು, ಹಳದಿ ಪುಡಿಯ ವಿಷಯ ನನಗೆ ಗೊತ್ತಿರಲಿಲ್ಲ. ನೀಲಿ ನೀರಿನ ವಿಷಯ ಗೊತ್ತಿತ್ತು.