ಶೀತವಿರುವಾಗಲೇ

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗೋರೆಗಾಂವಿನ ನಮ್ಮ ಕಾಲೊನಿಯ ಕನ್ನಡ ಬಳಗದವರು ವಾರ್ಷಿಕ ಸಂಚಿಕೆಗೆ ಒಂದು ವಿಜ್ಞಾನ ಲೇಖನ ಬರೆದುಕೊಡಿ ಎಂದು ನನ್ನ ಬೆನ್ನು ಹತ್ತಿದ್ದರು. ಲಸಿಕೆ ತಯಾರಿಸುವ ಸಂಸ್ಥೆಯಲ್ಲಿ ದುಡಿಯುವ, ಕನ್ನಡವನ್ನೂ ತಪ್ಪಿಲ್ಲದೆ ಬರೆಯುವ ಹೆಂಗಸು ಅವರಿಗೆ ಇನ್ನೊಬ್ಬಳು ಸಿಕ್ಕಿರಲಿಲ್ಲ. ಆಗ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಒಂದೇ ಸುದ್ದಿ. ವೈರಸ್ಸಿನಿಂದ ರೋಗ ತರುವ ಭಾಗವನ್ನು ತೆಗೆದುಹಾಕಿ, ಆ ಜಾಗದಲ್ಲಿ ಒಂದು ಒಳ್ಳೆಯ ಜೀನನ್ನು ಕೂರಿಸಿ, ರೋಗಿಯ ಜೀವಕೋಶದೊಳಕ್ಕೆ ಕಳಿಸಬಹುದಂತೆ. ಹೊರದೇಶದಲ್ಲಿ ಮಾಡಿ ನೋಡುತ್ತಿದ್ದಾರಂತೆ. ಅದನ್ನೇ ಬರೆಯೋಣ ಎಂದು ಕೂತೆ. ಎರಡನೆಯ ಸಾಲಿಗೇ ಪೆನ್ನು ನಿಂತಿತು. ಹಾಗೆ ಜೀನನ್ನು ಹೊತ್ತೊಯ್ಯುವ ವೈರಸ್ಸಿಗೆ ‘ವಾಹಕ’ ಎನ್ನಬೇಕು. ಆದರೆ ಮಲೇರಿಯಾ ಹರಡುವ ಸೊಳ್ಳೆಯನ್ನೂ ನಾವು ವಾಹಕ ಎಂದೇ ಬರೆಯುತ್ತೇವೆ. ಯಾರೋ ಒಬ್ಬ ತಾಯಿ ಇದನ್ನು ಓದಿ ಔಷಧಿಯನ್ನೇ ರೋಗ ಎಂದುಕೊಂಡರೆ ಏನು ಗತಿ?

ಬಳಗದ ಕಾರ್ಯದರ್ಶಿ ನಕ್ಕುಬಿಟ್ಟರು. “ಅಷ್ಟೆಲ್ಲ ಯಾರು ಯೋಚನೆ ಮಾಡ್ತಾರೆ ಮೇಡಂ? ಬರೆದು ಬಿಸಾಕಿ.”

ನಾನು ಬರೆಯಲಿಲ್ಲ. ವೈರಸ್ಸುಗಳ ನಡುವೆ ಹತ್ತು ವರ್ಷ ಕಳೆದವಳಿಗೆ ವೈರಸ್ಸಿನ ಭಯವಿರಲಿಲ್ಲ. ಭಯವಿದ್ದದ್ದು ಪದಗಳದ್ದು, ಅದನ್ನು ನಾನು ಕಲಿತದ್ದು ಬೈಕುಲ್ಲಾದ ಒಂದು ಹೊಲಿಗೆ ಅಂಗಡಿಯಲ್ಲಿ.

ಅದು ಎಂಬತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ಓದು ಮುಗಿಸಿ, ಮದುವೆಯಾಗಿ ಮುಂಬಯಿಗೆ ಬಂದವಳು ಆ ಸಂಸ್ಥೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ಪೋಲಿಯೊ ಲಸಿಕೆಯ ಬಲವನ್ನು ಅಳೆಯುವುದು ನನ್ನ ಕೆಲಸ. ಮಕ್ಕಳ ಬಾಯಿಗೆ ಹಾಕುವ ಆ ಹನಿಯೊಳಗೆ ಇರುವುದು ಪಳಗಿಸಿದ, ಆದರೆ ಜೀವಂತವಾದ ವೈರಸ್. ನಾವು ಗಾಜಿನ ಬಾಟಲಿಗಳ ತಳದಲ್ಲಿ, ಗುಲಾಬಿ ಬಣ್ಣದ ದ್ರವದಡಿ, ಜೀವಕೋಶಗಳನ್ನು ಬೆಳೆಸುತ್ತಿದ್ದೆವು. ಲಸಿಕೆಯನ್ನು ಹತ್ತು ಪಾಲು, ನೂರು ಪಾಲು, ಸಾವಿರ ಪಾಲು ತೆಳುಮಾಡಿ ಅವುಗಳ ಮೇಲೆ ಬಿಟ್ಟು, ಎಲ್ಲಿಯವರೆಗೆ ಕೋಶಗಳು ಸಾಯುತ್ತವೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೋಶ ಸತ್ತರೆ ಲಸಿಕೆ ಬದುಕಿದೆ ಎಂದರ್ಥ. ಮುಂಬಯಿಯ ಸೆಕೆಯಲ್ಲಿ ಕೆಲವು ದಿನ ಹೊರಗಿಟ್ಟ ಲಸಿಕೆಯನ್ನು ಹಾಕಿದರೆ ಕೋಶಗಳು ಏನೂ ಆಗಿಲ್ಲವೆಂಬಂತೆ ಹಾಯಾಗಿ ಇರುತ್ತಿದ್ದವು. ಅದನ್ನು ಕಣ್ಣಾರೆ ಕಂಡವಳಾದ್ದರಿಂದ ಕೋಲ್ಡ್ ರೂಮಿನ ಬಾಗಿಲನ್ನು ಅರೆಗಳಿಗೆ ತೆರೆದಿಟ್ಟವರ ಮೇಲೆ ಹರಿಹಾಯುತ್ತಿದ್ದೆ. ಬೆನ್ನ ಹಿಂದೆ ನನಗೆ ‘ಬರ್ಫ್‌ವಾಲಿ ಬಾಯಿ’, ಐಸಿನ ಹೆಂಗಸು, ಎಂದು ಹೆಸರಿಟ್ಟಿದ್ದರು.

ಒಳಗಿನ ಶುದ್ಧ ಕೋಣೆಯಲ್ಲಿ ನಾವು ತೊಡುವ, ಬೆನ್ನಿಗೆ ಲಾಡಿ ಕಟ್ಟುವ ಗೌನುಗಳನ್ನು ಹೊಲಿಯುತ್ತಿದ್ದವರು ಬೈಕುಲ್ಲಾ ಸ್ಟೇಷನ್ನಿನ ಹತ್ತಿರದ ಒಬ್ಬ ಟೇಲರ್. ಮೊದಲ ಸಲ ಅಳತೆಯ ಗೌನು ಹಿಡಿದುಕೊಂಡು ಹೋದಾಗ ಅವರು ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಲೇ ತಮ್ಮ ಮನೆಯಿದ್ದ ಮೇಲಿನ ಮಾಳಿಗೆಯತ್ತ ಮುಖ ಎತ್ತಿ, “ಏ, ಕತ್ರಿ ಎಲ್ಲಿಟ್ಟಿ?” ಎಂದು ಕೂಗಿದರು. ನಾನು “ನಿಮ್ಮ ಮೊಣಕೈ ಹತ್ರಾನೇ ಇದೆಯಲ್ಲ ಮಾಸ್ತರ್” ಎಂದೆ. ಅವರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಹುಬ್ಬಳ್ಳಿ ಕಡೆಯ ಮುಸಲ್ಮಾನರು. ಮನೆಯಲ್ಲಿ ದಖನಿ, ಸಿಟ್ಟು ಬಂದಾಗ ಕನ್ನಡ. ಕನ್ನಡ ಓದಲು ಬಾರದು. ಓದುತ್ತಿದ್ದವಳು ಅವರ ಹೆಂಡತಿ, ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವಳು. ನಾನು ಅವಳನ್ನು ಭಾಭಿ ಎಂದು ಕರೆಯುತ್ತಿದ್ದೆ.

ಭಾಭಿಗೆ ಓದುವ ಹುಚ್ಚು. ನಾನು ಒಯ್ದುಕೊಟ್ಟ ಹಳೆಯ ವಾರಪತ್ರಿಕೆಗಳನ್ನು ತಲೆನೋವಿನ ಮುಲಾಮಿನ ಜಾಹೀರಾತೂ ಬಿಡದೆ ಓದುತ್ತಿದ್ದಳು. ಗೌನಿನ ನೆಪವಿಲ್ಲದೆಯೂ ನಾನು ಅಲ್ಲಿಗೆ ಹೋಗತೊಡಗಿದೆ. “ಅಕ್ಕಾರ, ನೀವು ಮಾತಾಡಿದ್ರ ಪುಸ್ತಕ ಓದಿದಂಗ ಕೇಳಸ್ತೈತ್ರಿ” ಎಂದು ಅವಳು ಚುಡಾಯಿಸುತ್ತಿದ್ದಳು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ. ನನ್ನ ಕನ್ನಡದ ಬಗ್ಗೆ ನನಗೆ ಜಂಬವಿತ್ತು.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅವರಿಗೊಂದು ಹೆಣ್ಣುಮಗು ಹುಟ್ಟಿತು. ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಭಾಭಿ ಬಂದಾಗ ಮಗುವಿಗೆ ನಾಲ್ಕು ತಿಂಗಳು. ಎತ್ತಿಕೊಂಡರೆ ಕಾಲಿನಿಂದ ನನ್ನ ಹೊಟ್ಟೆಗೆ ಒದೆಯುತ್ತಿದ್ದ ಗಟ್ಟಿ ಮಗು. ಪೋಲಿಯೊ ಹನಿ ಹಾಕಿಸಬೇಕಲ್ಲ ಎಂದು, ಅವರಿಗೆ ಹತ್ತಿರವಿದ್ದ ಒಂದು ದವಾಖಾನೆಯನ್ನು ನಾನೇ ನೋಡಿಬರಲು ಹೋದೆ. ಅಲ್ಲಿ ಲಸಿಕೆಯ ಸೀಸೆಗಳು ಚಹದ ಲೋಟದ ಪಕ್ಕ ಮೇಜಿನ ಮೇಲೆ ಬಿದ್ದಿದ್ದವು. ಐಸ್ ಕರಗಿ ಡಬ್ಬದಲ್ಲಿ ಬರೀ ನೀರಿತ್ತು. ನನ್ನ ಪಿತ್ತ ನೆತ್ತಿಗೇರಿತು. ನಾವು ಅಲ್ಲಿ ಜೀವ ತೇಯ್ದು ಕಾಪಾಡಿದ್ದನ್ನು ಇವರು ಇಲ್ಲಿ ಸೆಕೆಗೆ ಕೊಲ್ಲುತ್ತಿದ್ದರು. ಜಗಳವಾಡಿದೆ. ನಾಳೆಯಿಂದ ಸರಿಯಾಗಿ ಇಡುತ್ತೇವೆ ಎಂದರು. ನನಗೆ ನಂಬಿಕೆ ಬರಲಿಲ್ಲ.

ಅಲ್ಲಿಂದ ನೇರ ಅಂಗಡಿಗೆ ಬಂದೆ. ಭಾಭಿ ಮಗುವನ್ನು ಕರೆದುಕೊಂಡು ನೆಂಟರ ಮನೆಗೆ ಹೋಗಿದ್ದಳು. ಹನಿ ಹಾಕುವ ಮೊದಲು ಸೀಸೆ ಐಸಿನಲ್ಲಿದೆಯೇ ಎಂದು ಅವಳು ಕಣ್ಣಿಟ್ಟು ನೋಡಲಿ ಎಂದು, ಮಾಸ್ತರ್ ಅಳತೆ ಗುರುತು ಹಾಕುವ ಖಾಕಿ ಕಾಗದದ ಒಂದು ತುಂಡಿನ ಮೇಲೆ ಚೀಟಿ ಬರೆದೆ. ಮೊದಲು ‘ತಣ್ಣಗೆ’ ಎಂದು ಬರೆದಿದ್ದೆ. ಕಾಫಿಯ ಬಗ್ಗೆ ಹೇಳಿದಂತೆ ಕಂಡಿತು, ಹೊಡೆದುಹಾಕಿದೆ. ಇನ್ನೊಂದು ತುಂಡಿನ ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆದದ್ದು ಇಷ್ಟು: ‘ಪೋಲಿಯೊ ಹನಿಯನ್ನು ಶೀತವಿರುವಾಗಲೇ ಹಾಕಿಸಬೇಕು. ಶೀತ ಹೋದ ಮೇಲೆ ಹಾಕಿಸಿದರೆ ಪ್ರಯೋಜನವಿಲ್ಲ.’ ಚೀಟಿಯನ್ನು ಮಾಸ್ತರರ ಕೈಗಿಟ್ಟು ಲೋಕಲ್ ಹಿಡಿದೆ.

ಮುಂದಿನ ತಿಂಗಳುಗಳಲ್ಲಿ ನಮ್ಮಲ್ಲಿ ಕೆಲಸ ತಲೆಯ ಮೇಲೆ ಬಿದ್ದಿತ್ತು. ಎರಡು ಸಲ ಗೌನು ತರಲು ಓಡಿಬಂದು ಓಡಿಹೋದೆ, ಮಾಳಿಗೆ ಹತ್ತಲಿಲ್ಲ. ಎರಡು ಸಲವೂ ಮರೆಯದೆ ಕೇಳಿದೆ, “ಮಾಸ್ತರ್, ಪೋಲಿಯೊ ಹನಿ?”

“ಚೀಟ್ಯಾಗ ಬರದಂಗ ನಡಸ್ಯಾಳ್ರಿ ಮೇಡಂ. ಗ್ವಾಡಿಗೆ ಹಚ್ಚಿಟ್ಟಾಳ, ದಿನಾ ನೋಡ್ತಾಳ.”

ನಾನು ಎಷ್ಟು ಹಿಗ್ಗಿದೆನೆಂದರೆ ಊಟದ ಹೊತ್ತಿನಲ್ಲಿ ಅದನ್ನು ಜೊತೆಯವರಿಗೆ ಹೇಳಿಕೊಂಡೆ. ತಾಯಂದಿರಿಗೆ ಅವರ ಭಾಷೆಯಲ್ಲಿ ಹೇಳಿದರೆ ಸಾಕು, ಡಾಕ್ಟರಿಗಿಂತ ಚೆನ್ನಾಗಿ ಪಾಲಿಸುತ್ತಾರೆ ಎಂದು ಭಾಷಣವನ್ನೇ ಮಾಡಿದೆ.

ಮಳೆಗಾಲದ ಕೊನೆಗೆ ಹೋದಾಗ ಅಂಗಡಿ ಮುಚ್ಚಿತ್ತು. ಮಗು ಆಸ್ಪತ್ರೆಯಲ್ಲಿದೆ ಎಂದು ಪಕ್ಕದವರು ಹೇಳಿದರು. ಮರುವಾರ ಅವರು ಮನೆಗೆ ಮರಳಿದ ಮೇಲೆ ಮಾಳಿಗೆ ಹತ್ತಿದೆ. ಮಗು ಚಾಪೆಯ ಮೇಲೆ ಮಲಗಿತ್ತು. ನನ್ನನ್ನು ನೋಡಿ ನಕ್ಕು, ಕೈ ಎರಡೂ ಆಡಿಸಿತು, ಎಡಗಾಲು ಆಡಿಸಿತು. ಬಲಗಾಲು ಇಟ್ಟಲ್ಲೇ ಇತ್ತು. ಎರಡು ದಿನ ಜ್ವರ ಬಂದಿತ್ತಂತೆ, ಬಿಟ್ಟ ಮೇಲೆ ಹೀಗೆ. ನನಗೆ ಯಾರೂ ರೋಗದ ಹೆಸರು ಹೇಳಬೇಕಾಗಿರಲಿಲ್ಲ.

“ಹನಿ ಎಷ್ಟು ಸಲ ಹಾಕಿಸಿದ್ರಿ ಭಾಭಿ?”

“ಒಮ್ಮೆನೂ ಇಲ್ರಿ ಅಕ್ಕಾರ. ಕೂಸಿಗೆ ನೆಗಡಿನ ಬರಲಿಲ್ಲಲ್ರಿ.”

ನನಗೆ ಅರ್ಥವಾಗಲಿಲ್ಲ. ಅವಳು ಎದ್ದು ಗೋಡೆಯಿಂದ ಚೀಟಿಯನ್ನು ಬಿಡಿಸಿ ತಂದು, ಸಾಲಿನ ಕೆಳಗೆ ಬೆರಳಿಟ್ಟು ಓದಿದಳು, ಶಾಲೆಯಲ್ಲಿ ಓದುವಂತೆ, ನಿಧಾನವಾಗಿ. “ಶೀತವಿರುವಾಗಲೇ ಹಾಕಿಸಬೇಕು. ನೀವ ಬರದೀರಲ್ರಿ. ಶೀತ ಅಂದ್ರ ನೆಗಡಿನ ಅಲ್ರಿ? ನರ್ಸ್‌ಬಾಯಿ ಎರಡು ಸಲ ಕರದ್ಲು. ಇನ್ನೂ ನೆಗಡಿ ಆಗಿಲ್ಲ ಅಂತ ನಾ ಹೋಗಲಿಲ್ಲ. ದಿನಾ ಮೂಗು ಮುಟ್ಟಿ ನೋಡ್ತಿದ್ದೆ. ಕಡೀಕ ಹ್ಯಾಂಗರ ಬರ್ಲಿ ಅಂತ ನಳದ ತಣ್ಣೀರು ಹುಯ್ದೆರಿ. ಮಳ್ಯಾಗ ಎತ್ಕೊಂಡು ನಿಂತೆ. ಎಂಥಾ ಗಟ್ಟಿ ಕೂಸ್ರಿ ನಂದು, ಒಂದು ಸೀನೂ ಸೀನಲಿಲ್ಲ.”

ಮೈಸೂರಿನಲ್ಲಿ ನಮ್ಮಮ್ಮನೂ ‘ಮಗೂಗೆ ಶೀತ ಆಗಿದೆ’ ಎಂದೇ ಹೇಳುತ್ತಿದ್ದುದು. ನಾನೂ ಹುಟ್ಟಿದಾಗಿನಿಂದ ಆ ಮಾತನ್ನು ಹಾಗೆಯೇ ಆಡಿದವಳು. ಬರೆಯಲು ಕೂತಾಗ ಮಾತ್ರ ನನಗೆ ಪುಸ್ತಕದ ಶೀತ ಬೇಕಾಗಿತ್ತು. ಆ ಕ್ಷಣವೇ ಹೇಳಬೇಕಿತ್ತು. ಹೇಳಲಿಲ್ಲ. ಡಾಕ್ಟರ್ ಏನಂದ್ರು ಎಂದು ಕೇಳಿದೆ, ಅವಳು ಕೊಟ್ಟ ಚಹ ಕುಡಿದೆ, ಮಗುವಿನ ತಲೆ ಸವರಿ ಇಳಿದುಬಂದೆ. ಲೋಕಲ್‌ನಲ್ಲಿ ಅಳು ತಡೆಯಲಾಗಲಿಲ್ಲ. ಯಾರೋ ಮರಾಠಿ ಹೆಂಗಸು ಎದ್ದು ಸೀಟು ಬಿಟ್ಟುಕೊಟ್ಟಳು. ಆ ಸೀಟಿಗೂ ನಾನು ಯೋಗ್ಯಳಲ್ಲ ಎನ್ನಿಸಿತು.

ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹನಿ ಹಾಕಿಸಿದ ಎಲ್ಲ ಮಕ್ಕಳಲ್ಲೂ ಅದು ಕೆಲಸ ಮಾಡುತ್ತದೆಂದಿಲ್ಲ, ಮೂರು ಸಲ ಹಾಕಿಸಿದವರಿಗೂ ಪೋಲಿಯೊ ಬಂದದ್ದುಂಟು. ಇದು ಸುಳ್ಳಲ್ಲ, ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಒಂದು ಹನಿಯೂ ಬೀಳದ ಬಾಯಿಗೆ ಆ ಮಾತು ಅನ್ವಯಿಸುವುದಿಲ್ಲ.

ಹುಡುಗಿ ಬೆಳೆದಳು. ಕಾಲಿಗೆ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು. ಅದನ್ನು ಮಾಡಿಸಲು ಆಸ್ಪತ್ರೆಗೆ ಅಲೆದಾಗಲೆಲ್ಲ ನಾನು ಜೊತೆಗಿದ್ದೆ. ಬಣ್ಣದ ಪೆನ್ಸಿಲು ಒಯ್ದುಕೊಟ್ಟೆ, ಫ್ರಾಕ್ ಒಯ್ದುಕೊಟ್ಟೆ. ಚೀಟಿಯ ಮಾತನ್ನು ಎತ್ತಲಿಲ್ಲ. ಭಾಭಿ ಓದುವುದನ್ನು ಬಿಟ್ಟಿದ್ದಳು. ವಾರಪತ್ರಿಕೆ ಕೊಟ್ಟರೆ “ಕಣ್ಣು ನೋಯಿಸ್ತಾವ್ರಿ” ಎಂದು ಪಕ್ಕಕ್ಕಿಡುತ್ತಿದ್ದಳು. ಇನ್ನೊಂದನ್ನೂ ಗಮನಿಸಿದ್ದೆ. ಮೇ ತಿಂಗಳ ಬೆವರಿನಲ್ಲೂ ಹುಡುಗಿಯ ತಲೆಗೆ ಉಣ್ಣೆಯ ಟೋಪಿ. ಸ್ನಾನಕ್ಕೆ ಸುಡುಸುಡು ನೀರು. ಮಳೆ ಬಂದರೆ ಕಿಟಕಿಯ ಹತ್ತಿರವೂ ಬಿಡುತ್ತಿರಲಿಲ್ಲ. ಒಂದೇ ಕೂಸು, ಅತಿ ಮುದ್ದು ಎಂದುಕೊಂಡು ಸುಮ್ಮನಾದೆ.

ಬಳಗದವರಿಗೆ ಲೇಖನ ಆಗುವುದಿಲ್ಲ ಎಂದು ಹೇಳಿದ ವಾರ, ಶನಿವಾರ ಮಧ್ಯಾಹ್ನ, ನಾನು ಬೈಕುಲ್ಲಾಕ್ಕೆ ಹೋದೆ. ಮಾಸ್ತರ್ ನಮಾಜಿಗೆ ಹೋಗಿದ್ದರು. ಭಾಭಿ ಮಶೀನಿನ ಮುಂದೆ ಕೂತಿದ್ದಳು. ಹುಡುಗಿಗೆ ಆಗ ಆರು ವರ್ಷ, ಟೋಪಿ ಹಾಕಿಕೊಂಡು ಮೂಲೆಯಲ್ಲಿ ಗುಂಡಿಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. “ಭಾಭಿ, ಆ ಚೀಟಿಯಲ್ಲಿ ಶೀತ ಅಂತ ನಾನು ಬರೆದದ್ದು ನೆಗಡಿ ಅಲ್ಲ. ಔಷಧಿ ತಣ್ಣಗಿರಬೇಕು, ಐಸಿನಲ್ಲಿರಬೇಕು ಅಂತ. ನೀವು ಸರಿಯಾಗೇ ಓದಿದ್ರಿ. ತಪ್ಪು ಬರೆದೋಳು ನಾನು.”

ಮಶೀನು ನಿಂತಿತು. ಬೈಗುಳಕ್ಕೆ ತಯಾರಾಗಿ ಬಂದಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ನನ್ನನ್ನೇ ನೋಡುತ್ತ, ಹುಡುಗಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು.

“ಹಂಗಾರ ನಾ ಹುಯ್ದ ತಣ್ಣೀರಿನಿಂದ ಕಾಲು ಹೋಗಿದ್ದಲ್ಲೇನ್ರಿ?”

“ಅಲ್ಲ ಭಾಭಿ. ಮೈಗೆ ತಣ್ಣೀರು ಹಾಕಿದ್ರೆ, ಮಳೇಲಿ ನೆನೆದ್ರೆ ಅದು ಬರೋದೇ ಇಲ್ಲ.”

“ಖರೇನ?”

“ಖರೇ.”

ಅವಳು ಎದ್ದು ಮೂಲೆಗೆ ಹೋದಳು. ಹುಡುಗಿಯ ಗದ್ದದ ಕೆಳಗಿನ ಗಂಟು ಬಿಚ್ಚಿ ಟೋಪಿ ತೆಗೆದಳು. ಕೂದಲು ಬೆವರಿಗೆ ಅಂಟಿಕೊಂಡಿತ್ತು. ಅದನ್ನು ಸೆರಗಿನಿಂದ ಒರೆಸಿದಳು. ಆಮೇಲೆ ನನ್ನತ್ತ ತಿರುಗದೆಯೇ ಹೇಳಿದಳು, “ಇದನ್ನ ಆವಾಗ ಹೇಳಬೇಕಿತ್ತಲ್ರಿ ಅಕ್ಕಾರ.”