ಕೊನೆಗೆ ಕಳಿಸಿದವರದ್ದೇ ಉಳಿಯುತ್ತೆ

ಶಿವಾಜಿನಗರದ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದಕ್ಕೆ ಡೇಟಾಬೇಸ್ ಆರಿಸಿಕೊಡೋಕೆ ಹೋಗಿದ್ದೆ. ಮಾಲೀಕರು ಅಣ್ಣತಮ್ಮಂದಿರು. ಒಂದೇ ಗಲ್ಲಾದ ಹಿಂದೆ ಪಕ್ಕಪಕ್ಕ ಕೂರ್ತಾರೆ, ಮಾತು ಮಾತ್ರ ಬಿಟ್ಟಿದ್ದಾರೆ. ಗೋಡೌನ್ ಸರಕು ಬರೆದುಕೊಳ್ಳೋಕೆ ಇಬ್ಬರಿಗೂ ಒಂದೊಂದು ಅಂಗೈ ಕಂಪ್ಯೂಟರ್.

"ಒಂದೇ ಸರಕಿಗೆ ಇಬ್ಬರೂ ಬೇರೆ ಬೇರೆ ಬರೆದ್ರೆ ಯಾರದ್ದು ಉಳಿಯುತ್ತೆ?" ಅಣ್ಣ ಕೇಳಿದರು.

"ಎರಡು ಸಾಫ್ಟ್‌ವೇರ್ ಇವೆ. ಒಂದರಲ್ಲಿ ಕೊನೆಗೆ ಕಳಿಸಿದವರದ್ದು ಉಳಿಯುತ್ತೆ. ಇನ್ನೊಂದರಲ್ಲಿ ನೀವಿಬ್ಬರೂ ಮಾತಾಡಿ ತೀರ್ಮಾನ ಮಾಡ್ಬೇಕು."

"ಮಾತಾಡೋದಾ?" ಇಬ್ಬರೂ ಒಟ್ಟಿಗೇ ಹೌಹಾರಿದರು.

ತಮ್ಮನೇ ನನ್ನ ಕಡೆ ತಿರುಗಿ, "ಮೊದಲನೇದೇ ಹಾಕಿ ಸಾರ್. ಅವರಿಗೂ ಹೇಳ್ಬಿಡಿ" ಅಂದರು. ಮೊಳ ದೂರದಲ್ಲಿ ಕೂತಿದ್ದ ಅಣ್ಣನಿಗೆ ಹೇಳಿದೆ. "ಆಗಲಿ ಅಂತ ಹೇಳಿ" ಅಂದರು.

ತಿಂಗಳಾದ ಮೇಲೆ ಹೋಗಿ ನೋಡಿದರೆ ಡೇಟಾಬೇಸ್ ಖಾಲಿ. ದಿನಾ ಸಂಜೆ ಇಬ್ಬರೂ ಬರೆದಿದ್ದನ್ನ ಕಳಿಸೋ ಬಟನ್ ಮೇಲೆ ಬೆರಳಿಟ್ಟುಕೊಂಡು, ಇನ್ನೊಬ್ಬರು ಮೊದಲು ಒತ್ತಲಿ ಅಂತ ಕಾಯ್ತಾರಂತೆ. ಯಾರೂ ಒತ್ತಲ್ಲ. ಷಟರ್ ಎಳೆದು ಮನೆಗೆ ಹೋಗ್ತಾರೆ.

"ಸಾಫ್ಟ್‌ವೇರ್ ಹೇಗಿದೆ?" ಅಂತ ಕೇಳಿದೆ.

"ಒಂದು ದಿನಾನೂ ತಕರಾರು ಬಂದಿಲ್ಲ ಸಾರ್" ಅಂದರು ಅಣ್ಣ. ತಮ್ಮನೂ ಹೌದು ಅಂತ ತಲೆ ಆಡಿಸಿದರು.

ನಿಜವೇ. ನನ್ನ ಇಷ್ಟು ವರ್ಷದ ಸರ್ವೀಸಲ್ಲಿ ಒಂದೂ ತಪ್ಪಿಲ್ಲದ ಡೇಟಾಬೇಸ್ ಅಂದ್ರೆ ಅದೊಂದೇ.