ಹೆಪ್ಪು ಕೇಳೋ ನೆಪದಲ್ಲಿ

ಮೊನ್ನೆ ಗೊರಗುಂಟೆಪಾಳ್ಯದಲ್ಲಿ ಮೆಟ್ರೋ ಹತ್ತಿ ಕೂತೆ. ಪಕ್ಕದಲ್ಲಿದ್ದ ಅಜ್ಜಿ ಹಣೆಗೆ ನೋವಿನ ಮುಲಾಮು ತಿಕ್ಕಿಕೊಂಡರು. ಆ ಘಾಟಿಗೆ ನಮ್ಮ ಹಳೇ ಬೀದಿಯ ಟ್ಯೂಷನ್ ಮಿಸ್ಸು ಎದುರಿಗೇ ಬಂದು ನಿಂತ ಹಾಗಾಯ್ತು. ಅವರ ಹಜಾರ ಪೂರ್ತಿ ಇದೇ ವಾಸನೆ...

ನಾವಾಗ ಯಶವಂತಪುರದ ಮಾರ್ಕೆಟ್ ಹಿಂದಿನ ಬೀದಿಯಲ್ಲಿದ್ವಿ. ಯಜಮಾನರಿಗೆ ಈರುಳ್ಳಿ ವ್ಯಾಪಾರ, ನನಗೆ ಮನೆಯಲ್ಲೇ ಬ್ಲೌಸ್ ಹೊಲಿಗೆ. ಮಗಳು ಇಂಗ್ಲಿಷ್ ಮೀಡಿಯಂ. ಒಂದ್ಸಲ ಅವಳ ಸ್ಕೂಲಿನ ಮೀಟಿಂಗಿಗೆ ಹೊರಟರೆ, "ಅಪ್ಪ ಬರ್ಲಿ, ನೀನು ಬೇಡಮ್ಮ" ಅಂದುಬಿಟ್ಟಳು. ಅವರಪ್ಪನಿಗೇನು ಮಹಾ ಇಂಗ್ಲಿಷ್ ಬರ್ತಿತ್ತಾ? "ಯೆಸ್ ಮೇಡಂ" ಅಂತ ತಲೆಯಾಡಿಸಿ ಬರೋರು, ಅಷ್ಟೇ. ಹೆತ್ತ ಮಗಳಿಗೇ ನಾನಂದ್ರೆ ನಾಚಿಕೆಯಾಯ್ತಲ್ಲ!

ಹಾಗೆ ಮಿಸ್ಸಿನ ಹತ್ತಿರ ಇಂಗ್ಲಿಷ್ ಪಾಠಕ್ಕೆ ಸೇರಿದೆ. ಚಾಪೆ ಮೇಲೆ ಮೂರನೇ ಕ್ಲಾಸಿನ ಚಿಳ್ಳೆಪಿಳ್ಳೆಗಳ ನಡುವೆ ಕೂರಬೇಕು. ಬೀದಿಗೆ ಗೊತ್ತಾದರೆ ಮಾನ ಹೋಗುತ್ತೆ ಅಂತ ಕೈಯಲ್ಲೊಂದು ಬಟ್ಟಲು ಹಿಡಿದು, ಹೆಪ್ಪಿಗೆ ಮೊಸರು ಕೇಳೋಕೆ ಹೊರಟವಳ ಹಾಗೆ ಹೋಗ್ತಿದ್ದೆ. ಮಿಸ್ಸು ಏನೂ ಕೇಳದೆ, ಪಾಠ ಮುಗಿದ ಮೇಲೆ ಬಟ್ಟಲಿಗೆ ಒಂದು ಚಮಚ ಮೊಸರು ಹಾಕಿ ಕಳಿಸೋರು. ಕೊನೆಗೆ ಎದುರುಮನೆಯಾಕೆ ಮರುಕಪಟ್ಟು ಒಂದು ಪಾತ್ರೆ ಮೊಸರನ್ನೇ ತಂದಿಟ್ಟರು. "ಅದೇನ್ರೀ, ನಿಮ್ಮನೇಲಿ ಒಂದಿನಾನೂ ಹೆಪ್ಪು ಉಳಿಯಲ್ವಾ?"

"ಯಾರು, ಏನ್ ಮಾಡಿದ್ರು, ಇವೆರಡಿದ್ರೆ ವಾಕ್ಯ ಆಯ್ತು ಕಣಮ್ಮ" ಅನ್ನೋರು ಮಿಸ್ಸು. ಎರಡು ವಾಕ್ಯ ಸೇರಿಸೋದು ಅಣ್ಣತಮ್ಮಂದಿರ ಮನೆ ಥರ ಅಂತೆ. ನಡುಗೋಡೆ ಒಂದೇ, ಒಲೆ ಬೇರೆ ಬೇರೆ. 'ಆಂಡ್', 'ಬಟ್' ಅನ್ನೋದೇ ಆ ನಡುಗೋಡೆ. "ಐ ಸ್ಟಿಚ್ ಬ್ಲೌಸಸ್, ಆಂಡ್ ಮೈ ಹಸ್ಬೆಂಡ್ ಸೆಲ್ಸ್ ಆನಿಯನ್ಸ್" ಅಂತ ನಾನು ಹೇಳಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು. ಥೂ, ಖುಷಿಗಿಂತ ನಾಚಿಕೆಯೇ ಜಾಸ್ತಿಯಾಯ್ತು.

ಮುಂದಿನ ಮೀಟಿಂಗಿಗೆ ಹಟ ಮಾಡಿ ನಾನೇ ಹೋದೆ. "ಮೈ ಡಾಟರ್ ಸ್ಟಡೀಸ್ ವೆಲ್, ಬಟ್..." ಅಂದೆ. ಮುಂದಿನ ಇಂಗ್ಲಿಷ್ ಪದ ನೆನಪಿಗೇ ಬರಲಿಲ್ಲ. ಮೇಡಂ ಕಾದರು, ಕಾದರು, ಆಮೇಲೆ "ಪರವಾಗಿಲ್ಲಮ್ಮ, ಕನ್ನಡದಲ್ಲೇ ಹೇಳಿ" ಅಂದರು. ಮಗಳು ನೆಲ ನೋಡ್ತಿದ್ದಳು. ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

ಆಮೇಲೆ ನಾನು ಪಾಠದ ಕಡೆ ತಲೆ ಹಾಕಲಿಲ್ಲ. ಒಂದು ಸಂಜೆ ಮಿಸ್ಸೇ ಕುಂಟುತ್ತಾ ಬಂದು ಬೀದಿಯಲ್ಲಿ ನಿಂತು ಕೂಗಿದರು. "ಯಾಕಮ್ಮಾ ಇಂಗ್ಲಿಷ್ ಪಾಠಕ್ಕೆ ಬರ್ತಿಲ್ಲ?" ಎದುರುಮನೆಯಾಕೆ ಕಿಟಕಿಯಿಂದ ಇಣುಕಿದರು.

"ಮೆಲ್ಲಗೆ ಮಿಸ್, ಕೇಳಿಸುತ್ತೆ!"

"ಕೇಳಿಸಲಿ ಬಿಡು. ಅರ್ಧ ಹೇಳಿ ಬಂದಿದೀಯ, ಇನ್ನರ್ಧ ಯಾರು ಹೇಳ್ಬೇಕು?"

ನಡೆದಿದ್ದನ್ನೆಲ್ಲ ಮಗಳೇ ಹೋಗಿ ಅವರಿಗೆ ಹೇಳಿ, "ಅಮ್ಮನ್ನ ಕರೀರಿ" ಅಂದಿದ್ದಳಂತೆ.

ಮತ್ತೆ ಹೋದೆ, ಈ ಸಲ ಬರಿಗೈಯಲ್ಲಿ. ಅದರ ಮುಂದಿನ ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲೇ ಪೂರ್ತಿ ಹೇಳಿದೆ, ಚೆನ್ನಾಗಿ ಓದ್ತಾಳೆ, ಆದರೆ ಲೆಕ್ಕಕ್ಕೆ ಹೆದರ್ತಾಳೆ ಅಂತ. ಮಗಳು ತಲೆಯೆತ್ತಿ ನನ್ನನ್ನೇ ನೋಡಿದಳು. ಮಿಸ್ಸಿಗೆ ಹೇಳೋಣ ಅಂತ ಓಡಿದರೆ ಬಾಗಿಲಿಗೆ ಬೀಗ. ಮೈ ಹುಷಾರಿಲ್ಲ ಅಂತ ಯಾರೋ ನೆಂಟರು ಬಂದು ಊರಿಗೆ ಕರೆದುಕೊಂಡು ಹೋದರಂತೆ. ಯಾವ ಊರು ಅಂತ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೀರಿಕೊಂಡರು ಅನ್ನೋ ಸುದ್ದಿ ಮಾತ್ರ ಬಂತು, ಎಷ್ಟೋ ತಿಂಗಳಾದ ಮೇಲೆ...

ಈಗ ಯಲಹಂಕದ ಪುಟ್ಟೇನಹಳ್ಳಿಯಲ್ಲಿ ನನ್ನದೇ ಹೊಲಿಗೆ ಅಂಗಡಿ ಇದೆ. ಅಪಾರ್ಟ್‌ಮೆಂಟಿನ ಹೆಂಗಸರ ಜೊತೆ ತಪ್ಪೋ ಒಪ್ಪೋ ಇಂಗ್ಲಿಷಿನಲ್ಲೇ ಮಾತಾಡ್ತೀನಿ. ಆ ನಾಚಿಕೆ ಎಂದೋ ಹೋಯ್ತು. ಇನ್ನೊಂದು ಹೋಗ್ತಿಲ್ಲ. ಅಷ್ಟು ದಿನ ಅವರ ಎದುರಿಗೇ ಕೂತಿದ್ದೆ. ನಿಮ್ಮೂರು ಯಾವುದು ಮಿಸ್, ನಿಮಗೆ ಅಂತ ಯಾರಿದ್ದಾರೆ... ಕನ್ನಡದಲ್ಲೇ ಕೇಳಬಹುದಿತ್ತು. ಒಂದು ದಿನಾನೂ ಕೇಳಲಿಲ್ಲ.